ಶಾಲು ನಮ್ಮದು, ಸಂಬಳ ಅವರದು

ಅಮೆರಿಕದ ಕನ್ನಡ ಕೂಟಗಳಲ್ಲಿ ಕವಿ, ಅನುವಾದಕ ಎ.ಕೆ. ರಾಮಾನುಜನ್ ಹೆಸರು ಎತ್ತಿದರೆ ಸಾಕು, ಪರಿಚಯ ಸಿದ್ಧವಾಗಿರುತ್ತದೆ. ಮೈಸೂರಿನಲ್ಲಿ ಹುಟ್ಟಿದರು. ಶಿಕಾಗೊದಲ್ಲಿ ಪ್ರೊಫೆಸರ್ ಆದರು. 1976ರಲ್ಲಿ ಪದ್ಮಶ್ರೀ, 1983ರಲ್ಲಿ ಮೆಕಾರ್ಥರ್ ಫೆಲೋಶಿಪ್. ಚಪ್ಪಾಳೆ ಬೀಳುತ್ತದೆ. ಆಮೇಲೆ ಮಕ್ಕಳ ಡ್ಯಾನ್ಸ್, ಆಮೇಲೆ ಊಟ.

ನಾನು ಶಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲಿ ಇರುವವನು. ಹೊಟ್ಟೆಪಾಡು ಸಾಫ್ಟ್‌ವೇರ್. ಓದುವ ಚಟ ಮಾತ್ರ ಊರಿನಿಂದ ಜೊತೆಗೇ ಬಂತು. ಈ ಪರಿಚಯ ಕೇಳಿದಾಗಲೆಲ್ಲ ನನಗೊಂದು ತಕರಾರು. ಅವರಿಗೆ ಏನೇನು ಸಿಕ್ಕಿತು ಅನ್ನುವುದು ಅದರಲ್ಲಿ ಪೂರ್ತಿ ಇದೆ. ದಿನಾ ಬೆಳಿಗ್ಗೆ ಎದ್ದು ಅವರು ಮಾಡುತ್ತಿದ್ದ ಕೆಲಸ ಯಾವುದು, ಅದಕ್ಕೆ ಸಂಬಳ ಕೊಟ್ಟವರು ಯಾರು, ಯಾಕೆ ಕೊಟ್ಟರು, ಇದನ್ನು ಯಾರೂ ಹೇಳುವುದಿಲ್ಲ. ಕವಿಯ ವಿಷಯದಲ್ಲಿ ಸಂಬಳದ ಮಾತು ಯಾಕಪ್ಪಾ ಅನ್ನಿಸಬಹುದು. ನನ್ನ ಪ್ರಕಾರ ಅವರ ವೃತ್ತಿಯ ಕಥೆ ಇರುವುದೇ ಅಲ್ಲಿ. ನಮ್ಮ ರೀತಿಗೂ ಇಲ್ಲಿಯವರ ರೀತಿಗೂ ಇರುವ ವ್ಯತ್ಯಾಸ ಗೊತ್ತಾಗುವುದೂ ಅಲ್ಲೇ.

ಮೊದಲು ಊರಿನ ಕಡೆಯದು ನೋಡೋಣ. ರಾಮಾನುಜನ್ ಹುಟ್ಟಿದ್ದು 1929ರ ಮಾರ್ಚ್ 16ರಂದು. ತಂದೆ ಎ.ಎ. ಕೃಷ್ಣಸ್ವಾಮಿ ಅಯ್ಯಂಗಾರ್ ಮೈಸೂರಿನಲ್ಲಿ ಗಣಿತದ ಪ್ರೊಫೆಸರ್. ನಮ್ಮ ಹಳೆಯ ಗಣಿತದ ಚಕ್ರವಾಳ ವಿಧಾನದ ಬಗ್ಗೆ ಬರೆದು ಹೆಸರು ಮಾಡಿದವರು. ಮಹಡಿ ಮೇಲೆ ಅಪ್ಪನ ಇಂಗ್ಲಿಷ್ ಮತ್ತು ಸಂಸ್ಕೃತ, ಕೆಳಗೆ ಅಡುಗೆಮನೆಯಲ್ಲಿ ಅಮ್ಮನ ತಮಿಳು, ಬೀದಿಗೆ ಇಳಿದರೆ ಕನ್ನಡ. ಹೀಗೆ ಬೆಳೆದ ಹುಡುಗ ಮರಿಮಲ್ಲಪ್ಪ ಹೈಸ್ಕೂಲು ಮುಗಿಸಿ, ಮಹಾರಾಜ ಕಾಲೇಜು ಸೇರಿ, 1949ರಲ್ಲಿ ಇಂಗ್ಲಿಷ್ ಆನರ್ಸ್, 1950ರಲ್ಲಿ ಎಂ.ಎ. ಮಾಡಿದರು.

ಅವರ ಮನೆಮಾತು ತಮಿಳಲ್ವಾ, ಅವರನ್ನು ಕನ್ನಡಿಗ ಅನ್ನಬಹುದಾ ಎಂದು ಈಗಲೂ ಕೇಳುವವರು ಇದ್ದಾರೆ. ಹಾಗೆ ನೋಡಲು ಹೊರಟರೆ ಮಾಸ್ತಿಯವರನ್ನೂ ಪು.ತಿ.ನ. ಅವರನ್ನೂ ಬಿಟ್ಟುಕೊಡಬೇಕಾಗುತ್ತದೆ. ಮುಂದೆ ಹೋಗೋಣ.

ಎಂ.ಎ. ಆದಮೇಲೆ ಎಂಟೊಂಬತ್ತು ವರ್ಷ ಅವರು ಊರೂರು ಸುತ್ತಿದ ಇಂಗ್ಲಿಷ್ ಲೆಕ್ಚರರ್. ಕೊಲ್ಲಂ, ಮದುರೈ, ಬೆಳಗಾವಿ, ಬರೋಡ. ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು. ಪಾಠ ಮಾಡುತ್ತಿದ್ದದ್ದು ಇಂಗ್ಲಿಷ್ ಸಾಹಿತ್ಯ. ಪಾಠ ಮುಗಿದ ಮೇಲೆ ಗಾದೆ ಸಂಗ್ರಹ, ಅಜ್ಜಿಯರ ಬಾಯಿಂದ ಕಥೆ ಕೇಳಿ ಬರೆದುಕೊಳ್ಳುವುದು, ಪದ್ಯ ಬರೆಯುವುದು. ಕನ್ನಡ ಗಾದೆಗಳ ಪುಸ್ತಕ 1955ರಲ್ಲೇ ಬಂತು. ಇಪ್ಪತ್ತಾರರ ಇಂಗ್ಲಿಷ್ ಮೇಷ್ಟ್ರು ಗಾದೆ ಪುಸ್ತಕ ತಂದರೆ ಆಗಿನ ಕಾಲೇಜಿನಲ್ಲಿ ಅದು ಯಾವ ಲೆಕ್ಕಕ್ಕೆ? 'ಒಳ್ಳೇ ಹವ್ಯಾಸ' ಅನ್ನುವ ಲೆಕ್ಕಕ್ಕೆ. ಇವತ್ತಿಗೂ ಹಾಗೇ.

ಇದು ರಾಮಾನುಜನ್ ಒಬ್ಬರ ಪಾಡಲ್ಲ. ಕನ್ನಡದ ದೊಡ್ಡ ಕೆಲಸ ಎಷ್ಟೋ ನಡೆದಿರುವುದು ಇಂಗ್ಲಿಷ್ ಮೇಷ್ಟ್ರುಗಳ ಬಿಡುವಿನ ವೇಳೆಯಲ್ಲಿ. ಬಿ.ಎಂ.ಶ್ರೀ. ಇಂಗ್ಲಿಷ್ ಪ್ರೊಫೆಸರ್. ಗೋಪಾಲಕೃಷ್ಣ ಅಡಿಗರು ಇಂಗ್ಲಿಷ್ ಮೇಷ್ಟ್ರು. ಅನಂತಮೂರ್ತಿ ಇಂಗ್ಲಿಷ್ ಮೇಷ್ಟ್ರು. ಕೀಟ್ಸ್‌ನ ಪಾಠ ಹೇಳಿದ್ದಕ್ಕೆ ಸಂಬಳ ಬರುತ್ತಿತ್ತು, ಕನ್ನಡ ಬರೆದದ್ದು ರಾತ್ರಿ ದೀಪದ ಖರ್ಚಿನಲ್ಲಿ. ಬೇಂದ್ರೆಯವರ ಕಥೆ ಇನ್ನೂ ವಿಚಿತ್ರ. ಧಾರವಾಡದ ಆ ಕವಿ ಕನ್ನಡದ ಪ್ರೊಫೆಸರ್ ಆಗಿ 1944ರಿಂದ 1956ರವರೆಗೆ ಪಾಠ ಹೇಳಿದ್ದು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ. ಒಂದು ಲೆಕ್ಕದಲ್ಲಿ ಅವರೂ ನಮ್ಮ ಹಾಗೆ ಹೊರನಾಡ ಕನ್ನಡಿಗರೇ.

ರಾಮಾನುಜನ್ ಬೆಳಗಾವಿ, ಬರೋಡ ಬಿಟ್ಟು ಮೊದಲು ಹೋದದ್ದು ಪುಣೆಯ ಡೆಕ್ಕನ್ ಕಾಲೇಜಿಗೆ, ಭಾಷಾವಿಜ್ಞಾನ ಕಲಿಯಲು. ಅಲ್ಲಿಂದ 1959ರಲ್ಲಿ ಫುಲ್‌ಬ್ರೈಟ್ ಸ್ಕಾಲರ್‌ಶಿಪ್ ಮೇಲೆ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ. ಆ ಕಾಲದಲ್ಲಿ ಅಮೆರಿಕ ವಲಸೆ ಕೋಟಾದಲ್ಲಿ ಇಡೀ ಭಾರತಕ್ಕೆ ಕೊಟ್ಟಿದ್ದದ್ದು ವರ್ಷಕ್ಕೆ 100 ಜಾಗ. ಬಾಗಿಲು ಅಗಲವಾಗಿ ತೆಗೆದದ್ದು 1965ರ ಕಾಯ್ದೆ. ನಮ್ಮಂಥವರು ಬಂದದ್ದು ಆ ಬಾಗಿಲಿನಿಂದ, ಅದೂ ಬಹಳ ವರ್ಷ ಆದಮೇಲೆ, ಕಂಪನಿಯ ವೀಸಾ ಹಿಡಿದುಕೊಂಡು. ಅವರು ಬಂದದ್ದು ಕಿಂಡಿಯಿಂದ.

1963ರಲ್ಲಿ ಅವರಿಗೆ ಪಿಎಚ್.ಡಿ. ಸಿಕ್ಕಿತು. ವಿಷಯ ಏನು ಅಂದುಕೊಂಡಿರಿ? ಕನ್ನಡ ವ್ಯಾಕರಣ. ಅಷ್ಟರಲ್ಲಿ, 1962ರಲ್ಲೇ, ಅವರು ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದರು. ತಮಿಳು, ದ್ರಾವಿಡ ಭಾಷಾವಿಜ್ಞಾನ, ಭಾರತದ ಸಾಹಿತ್ಯ ಅವರ ಪಾಲಿನ ಪಾಠ. ಬೆಳಗಾವಿಯಲ್ಲಿ ಸಂಜೆ ಮಾಡುತ್ತಿದ್ದ ಕೆಲಸ ಶಿಕಾಗೊದಲ್ಲಿ ಬೆಳಗಿನ ಕೆಲಸವಾಯಿತು. ಜಾನಪದ ಕಥೆ, ವಚನ, ತಮಿಳಿನ ಪ್ರಾಚೀನ ಸಂಗಂ ಪದ್ಯ, ಗಾದೆ, ಇವೇ ನೌಕರಿ. ಅವರ ಬದುಕಿನ ದೊಡ್ಡ ತಿರುವು ಇದು ಎಂದೇ ನನ್ನ ಅನಿಸಿಕೆ. ಪ್ರಶಸ್ತಿಗಳೆಲ್ಲ ಇದರ ಹಿಂದೆ ಬಂದವು.

ಇದನ್ನು ಕೇಳಿದ ತಕ್ಷಣ ನಮ್ಮಲ್ಲಿ ಕೆಲವರು, ನೋಡಿ ಅಮೆರಿಕದವರಿಗೆ ವಿದ್ಯೆಯ ಮೇಲೆ ಎಂಥಾ ಗೌರವ ಅನ್ನುತ್ತಾರೆ. ಸ್ವಲ್ಪ ತಡೆಯಿರಿ. ಆ ದುಡ್ಡು ಎಲ್ಲಿಂದ ಬಂತು ನೋಡೋಣ. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಉಪಗ್ರಹ ಹಾರಿಸಿತು. ಅಮೆರಿಕ ಬೆಚ್ಚಿಬಿತ್ತು. ಮರುವರ್ಷವೇ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ಬಂತು. ಅದರ ಆರನೇ ಭಾಗದಲ್ಲಿ ಜಗತ್ತಿನ ಭಾಷೆಗಳನ್ನು ಕಲಿಸುವ ಕೇಂದ್ರಗಳಿಗೆ ಸರ್ಕಾರದ ಹಣ. ತಮಿಳು, ಹಿಂದಿ, ಬಂಗಾಳಿ ಎಲ್ಲ ಆ ಹಣದ ನೆರಳಿಗೆ ಬಂದವು. ಹೆಸರಿನಲ್ಲೇ 'ರಕ್ಷಣೆ' ಇದೆ. ಅಕ್ಕಮಹಾದೇವಿಯ ಮೇಲಿನ ಪ್ರೀತಿಯಿಂದ ಆ ದುಡ್ಡು ಬರಲಿಲ್ಲ.

ಪುಸ್ತಕದ ಕಥೆಯೂ ಹೀಗೇ. ಪಿ.ಎಲ್. 480 ಅನ್ನುವುದು ಅಮೆರಿಕ ತನ್ನ ಧಾನ್ಯವನ್ನು ಬೇರೆ ದೇಶಗಳಿಗೆ ಕೊಡಲು ಮಾಡಿದ ಕಾಯ್ದೆ. ಅದರ ಹೆಸರು ಕೇಳಿದರೆ ನಮ್ಮ ಹಿರಿಯರಿಗೆ ರೇಷನ್ ಅಂಗಡಿಯ ಗೋಧಿ ನೆನಪಾಗುತ್ತದೆ. ನಮ್ಮಜ್ಜಿ ಅದನ್ನು ಬೈದುಕೊಂಡೇ ಹಿಟ್ಟು ಮಾಡಿಸುತ್ತಿದ್ದರಂತೆ. ಆ ಗೋಧಿಗೆ ಭಾರತ ಕೊಟ್ಟದ್ದು ರೂಪಾಯಿ. ಆ ರೂಪಾಯಿಯನ್ನು ಅಮೆರಿಕ ಡಾಲರ್ ಮಾಡಿಕೊಂಡು ಹೋಗುವ ಹಾಗಿರಲಿಲ್ಲ, ಹೆಚ್ಚಿನ ಪಾಲು ಭಾರತದಲ್ಲೇ ಖರ್ಚು ಮಾಡಬೇಕಿತ್ತು. 1962ರಿಂದ ಲೈಬ್ರರಿ ಆಫ್ ಕಾಂಗ್ರೆಸ್ ಆ ರೂಪಾಯಿಯಲ್ಲಿ ಭಾರತದ ಪುಸ್ತಕಗಳನ್ನು ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹಂಚಲು ಶುರು ಮಾಡಿತು. ಗೋಧಿ ಆ ಕಡೆಯಿಂದ ಈ ಕಡೆಗೆ, ಪುಸ್ತಕ ಈ ಕಡೆಯಿಂದ ಆ ಕಡೆಗೆ. ನಮ್ಮಲ್ಲಿ ಪ್ರತಿ ಸಿಗದ ಕನ್ನಡ ಪುಸ್ತಕ ಶಿಕಾಗೊದ ಲೈಬ್ರರಿಯಲ್ಲಿ ಸಿಗುತ್ತದೆ ಎಂದು ನಾವು ಬೆರಗಾಗುತ್ತೇವಲ್ಲ, ಅದರ ಹಿಂದೆ ಆ ಗೋಧಿಯೂ ಇದೆ.

ದುಡ್ಡಿನ ಉದ್ದೇಶ ಏನೇ ಇರಲಿ, ಅದನ್ನು ಬಳಸಿದ ರೀತಿಗೆ ಮಾತ್ರ ಭೇಷ್ ಅನ್ನಬೇಕು. ಒಬ್ಬ ಮನುಷ್ಯನಿಗೆ ಒಂದು ಲೈಬ್ರರಿ, ಒಂದಿಷ್ಟು ವಿದ್ಯಾರ್ಥಿಗಳು, ಓದಲು ಸಮಯ ಕೊಟ್ಟು, ಅವನ ಪಾಡಿಗೆ ಅವನನ್ನು ಬಿಟ್ಟರು. ಸೇರಿದ ಹೊಸದರಲ್ಲಿ ಒಂದು ಶನಿವಾರ ರಾಮಾನುಜನ್ ಹಾರ್ಪರ್ ಲೈಬ್ರರಿಯ ನೆಲಮಾಳಿಗೆಗೆ ಇಳಿದಿದ್ದರು. ಹಳೆಯ ತಮಿಳಿನ ವ್ಯಾಕರಣ ಬೇಕಿತ್ತು. ಮನೆಯಲ್ಲಿ ತಮಿಳು ಮಾತಾಡಿದ್ದರೂ ಹಳೆಯ ತಮಿಳನ್ನು ಅವರು ಕಲಿತಿರಲಿಲ್ಲ. ಕೈಗೆ ಸಿಕ್ಕಿದ್ದು ಯು.ವಿ. ಸ್ವಾಮಿನಾಥ ಅಯ್ಯರ್ 1937ರಲ್ಲಿ ಸಂಪಾದಿಸಿದ ಸಂಗಂ ಕಾಲದ ಪದ್ಯಗಳ ಸಂಕಲನ. ಅದರಿಂದ ಹುಟ್ಟಿದ ಅನುವಾದ 1967ರಲ್ಲಿ ಬಂತು. ಅಮ್ಮನ ಭಾಷೆಯ ಎರಡು ಸಾವಿರ ವರ್ಷದ ಹಿಂದಿನ ಕವಿತೆ ಮಗನಿಗೆ ಸಿಕ್ಕಿದ್ದು ಶಿಕಾಗೊದ ನೆಲಮಾಳಿಗೆಯಲ್ಲಿ. ನಮ್ಮ ಪರಂಪರೆ ಹುಟ್ಟಿನಿಂದ ತಾನಾಗಿ ಬರುವುದಿಲ್ಲ, ದುಡಿದು ಪಡೆಯಬೇಕು ಎಂಬರ್ಥದ ಮಾತನ್ನು ಅವರೇ ಮುಂದೆ ಬರೆದರು. 'ನಮ್ಮ ರಕ್ತದಲ್ಲೇ ಕನ್ನಡ ಇದೆ' ಎಂದು ವೇದಿಕೆ ಮೇಲೆ ಕೂಗುವವರಿಗೆ ಇದು ಅಷ್ಟು ರುಚಿಸುವುದಿಲ್ಲ.

ಇನ್ನೊಂದು ವ್ಯತ್ಯಾಸ ಖಾನೆಗಳದು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷ್ ವಿಭಾಗ ಒಂದು ಖಾನೆ, ಕನ್ನಡ ಇನ್ನೊಂದು, ಜಾನಪದ ಮತ್ತೊಂದು. ಇಂಗ್ಲಿಷ್ ಎಂ.ಎ. ಮಾಡಿದವನು ಕನ್ನಡ ವಿಭಾಗದ ಬಾಗಿಲು ತಟ್ಟಿದರೆ ಅರ್ಜಿ ಅಲ್ಲೇ ತಿರಸ್ಕಾರ. ಶಿಕಾಗೊದಲ್ಲಿ ರಾಮಾನುಜನ್ ದಕ್ಷಿಣ ಏಷ್ಯಾ ಭಾಷೆಗಳ ವಿಭಾಗದಲ್ಲೂ ಇದ್ದರು, ಭಾಷಾವಿಜ್ಞಾನದಲ್ಲೂ ಇದ್ದರು, ಮುಂದೆ ಸೋಷಿಯಲ್ ಥಾಟ್ ಎಂಬ ಸಮಿತಿಗೂ ಸೇರಿದರು. ಕವಿಯೋ, ಭಾಷಾವಿಜ್ಞಾನಿಯೋ, ಜಾನಪದದವರೋ ಎಂದು ಯಾರೂ ಅವರನ್ನು ಒಂದು ಖಾನೆಗೆ ತಳ್ಳಲಿಲ್ಲ. ಹಾರ್ವರ್ಡ್, ಬರ್ಕ್ಲಿ, ವಿಸ್ಕಾನ್ಸಿನ್, ಮಿಷಿಗನ್‌ಗಳಲ್ಲೂ ಆಗಾಗ ಹೋಗಿ ಪಾಠ ಮಾಡಿದರು.

ಇಲ್ಲಿಯ ಸಭೆಗಳ ರೀತಿಯೂ ಬೇರೆ. ಶಿಕಾಗೊ ವಿಶ್ವವಿದ್ಯಾಲಯದ ಫಾಸ್ಟರ್ ಹಾಲ್‌ನಲ್ಲಿ ನಡೆಯುವ ಉಪನ್ಯಾಸಗಳಿಗೆ ಒಂದೆರಡು ಸಲ ಹೋಗಿ ಹಿಂದೆ ಕೂತಿದ್ದೇನೆ. ಮಾತಾಡಿದವರಿಗೆ ಹಾರ ಇಲ್ಲ, ಹಣ್ಣಿನ ಬುಟ್ಟಿ ಇಲ್ಲ. ಅವರು ಮುಗಿಸುವುದನ್ನೇ ಕಾದು, ನಿಮ್ಮ ವಾದದ ಇಂಥ ಕಡೆ ಇಂಥ ತಪ್ಪಿದೆ ಎಂದು ಮುಖದ ಮೇಲೆ ಹೇಳುತ್ತಾರೆ. ವಿದ್ಯಾರ್ಥಿಗಳೂ ಹೇಳುತ್ತಾರೆ. ಆಮೇಲೆ ಎಲ್ಲ ಸೇರಿ ಕಾಫಿ. ನಮ್ಮ ಕಡೆ ಹೀಗೆ ಮಾಡಿದರೆ ಎರಡು ತಲೆಮಾರು ಮಾತು ಬಿಡುತ್ತಾರೆ. ಶಾಲು ಹೊದೆಸಿ, ಪೇಟ ತೊಡಿಸಿ, 'ತಮ್ಮಂಥ ಮಹನೀಯರು' ಎಂದು ಹೊಗಳಿ ಕಳಿಸುವುದು ನಮಗೆ ಸಲೀಸು. ಹೊದೆಸಿದ ಶಾಲಿನ ಕೆಳಗೆ ಅವರ ಪುಸ್ತಕ ಓದಿದವರು ಎಷ್ಟು ಜನ ಎಂದು ಕೇಳಬಾರದು.

ಹಾಗಂತ ಇಲ್ಲಿಯದೆಲ್ಲ ಬಂಗಾರ ಅಂತಲ್ಲ. ರಾಮಾನುಜನ್ 1989ರಲ್ಲಿ ಭಾರತೀಯರು ಯೋಚಿಸುವ ರೀತಿ ಅಂತ ಒಂದು ಇದೆಯಾ ಎಂದು ಕೇಳಿಕೊಂಡು ಪ್ರಸಿದ್ಧ ಪ್ರಬಂಧ ಬರೆದರು. ಅದರಲ್ಲಿ ಅವರ ಅಪ್ಪನೇ ಮುಖ್ಯ ಪಾತ್ರ. ಪಂಚೆ ಮೇಲೆ ಇಂಗ್ಲಿಷ್ ಕೋಟು, ಖಗೋಳವೂ ಬಲ್ಲರು, ಜಾತಕವೂ ಬರೆಯುವರು. ಮಗ ಹೊಸ ಗ್ರಹಗಳ ವಿಷಯ ಎತ್ತಿ ಕೆಣಕಿದರೆ, ಮಿದುಳಿಗೆ ಎರಡು ಭಾಗ ಇದೆಯಲ್ಲಪ್ಪ ಅನ್ನುವ ಧಾಟಿಯ ಉತ್ತರ. ಅದರಲ್ಲಿ ಅವರ ವಾದ ಏನೆಂದರೆ, ನಮ್ಮಲ್ಲಿ ನಿಯಮ ಸಂದರ್ಭ ನೋಡಿ ಬದಲಾಗುತ್ತದೆ, ಪಶ್ಚಿಮದವರು ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ನಿಯಮ ಬಯಸುತ್ತಾರೆ. ತುಂಬಾ ಚೆನ್ನಾಗಿ ಬರೆದಿದ್ದಾರೆ. ಆದರೆ ಇಲ್ಲಿ ಇದ್ದು ನೋಡಿದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅಮೆರಿಕದವರೂ ಸಂದರ್ಭ ನೋಡಿಯೇ ನಡೆಯುತ್ತಾರೆ, ನಿಯಮ ಮಾತ್ರ ಎಲ್ಲರಿಗೂ ಒಂದೇ ಅಂತ ಬರೆದಿಟ್ಟಿರುತ್ತಾರೆ. ಯಾರ ಶಿಫಾರಸು ಪತ್ರ, ಯಾವ ಕಾಲೇಜು, ಯಾವ ಕ್ಲಬ್ಬು ಎಲ್ಲ ಲೆಕ್ಕಕ್ಕೆ ಬರುತ್ತದೆ. ಸ್ಪುಟ್ನಿಕ್ ಹಾರಿದರೆ ತಮಿಳಿಗೆ ದುಡ್ಡು ಬರುತ್ತದೆ ಅಂದಮೇಲೆ ಅದಕ್ಕಿಂತ ದೊಡ್ಡ ಸಂದರ್ಭ ಬೇಕಾ?

ಈಗ ವಚನದ ವಿಷಯ. 1973ರಲ್ಲಿ ಪೆಂಗ್ವಿನ್‌ನಿಂದ ಅವರ ವಚನಗಳ ಅನುವಾದ ಬಂತು. ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮ, ನಾಲ್ವರೇ. ಸಣ್ಣ ಪೇಪರ್‌ಬ್ಯಾಕ್. ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್‌ನ ಪಟ್ಟಿಗೂ ಹೋಯಿತು. ಕನ್ನಡದ ಹೆಸರೇ ಕೇಳದ ಕವಿಗಳು ಹನ್ನೆರಡನೇ ಶತಮಾನದ ವಚನವನ್ನು ನಿನ್ನೆ ಬರೆದ ಪದ್ಯದ ಹಾಗೆ ಓದಿದರು. ನಾವು ವಚನ ಓದುವುದು ಹೇಗೆ? ಶಾಲೆಯಲ್ಲಿ ಬಾಯಿಪಾಠ, ಸಭೆಯಲ್ಲಿ ಪ್ರಾರ್ಥನೆ, ರಾಜಕಾರಣಿಯ ಭಾಷಣದ ಕೊನೆಗೆ ಒಂದು ಸಾಲು. ಅಷ್ಟು ಕೇಳಿ ಕೇಳಿ ಕಿವಿ ಮಂದವಾಗಿದೆ. ರಾಮಾನುಜನ್ ಅನುವಾದವನ್ನು ಇಂಗ್ಲಿಷಿನಲ್ಲಿ ಓದಿದ ಮೇಲೆಯೇ ನಾನು ಅಲ್ಲಮನಿಗೆ ಮರಳಿದ್ದು. ಇದನ್ನು ಹೇಳಲು ನಾಚಿಕೆಯೇನಿಲ್ಲ.

ಅವರ ಅನುವಾದಕ್ಕೆ ಗಟ್ಟಿ ಟೀಕೆಯೂ ಬಂತು. 1992ರಲ್ಲಿ ವಿಮರ್ಶಕಿ ತೇಜಸ್ವಿನಿ ನಿರಂಜನ ಅವರು ಅಲ್ಲಮನ ಒಂದು ವಚನವನ್ನೇ ಹಿಡಿದು, ರಾಮಾನುಜನ್ ಅದನ್ನು ಪಶ್ಚಿಮದ ಓದುಗನಿಗೆ ಹಿತವಾಗುವಂತೆ ಹದ ಮಾಡಿದ್ದಾರೆ ಎಂಬರ್ಥದಲ್ಲಿ ವಾದಿಸಿ, ತಾವೇ ಬೇರೆ ಅನುವಾದ ಕೊಟ್ಟರು. ನನಗೆ ಆ ವಾದದಲ್ಲಿ ಅರ್ಧ ಸರಿ ಅನ್ನಿಸುತ್ತದೆ. ಆ ಅನುವಾದಗಳಲ್ಲಿ ವಚನದ ಗದ್ದಲ, ಅದರ ಜನ, ಅದರ ಜಗಳ ಸ್ವಲ್ಪ ಕಡಿಮೆಯಾಗಿ, ಒಬ್ಬಂಟಿ ಕವಿಯ ದನಿ ಜಾಸ್ತಿಯಾಗಿದೆ. ಆದರೂ ಹೀಗೆ ಜಗಳ ಆಡಲು ಎದುರಿಗೆ ಒಂದು ಒಳ್ಳೆಯ ಅನುವಾದ ಇತ್ತಲ್ಲ, ಅದೇ ದೊಡ್ಡದು.

ಕಥೆಗಳ ಪಾಡು ಇನ್ನೂ ಚೆಂದ. ಒಬ್ಬ ಹೆಂಗಸಿಗೆ ಒಂದು ಕಥೆ ಗೊತ್ತಿರುತ್ತದೆ, ಒಂದು ಹಾಡೂ ಗೊತ್ತಿರುತ್ತದೆ. ಯಾರಿಗೂ ಹೇಳುವುದಿಲ್ಲ. ಒಳಗೇ ಉಸಿರುಗಟ್ಟಿದ ಕಥೆ, ಹಾಡು ಹೊರಗೆ ಬಂದು ಬೂಟಿನ ಜೋಡು ಮತ್ತು ಕೋಟಾಗಿ ಬಾಗಿಲಲ್ಲಿ ಕೂರುತ್ತವೆ. ಗಂಡನಿಗೆ ಅನುಮಾನ ಹುಟ್ಟುತ್ತದೆ. ಉತ್ತರ ಕರ್ನಾಟಕದ ಹೆಂಗಸರು ಹೇಳುವಂಥ ಇಂಥ ಕಥೆಗಳನ್ನು ರಾಮಾನುಜನ್ ದಶಕಗಟ್ಟಲೆ ಕೂಡಿಟ್ಟರು. ಅವರಿಂದ ಕೇಳಿದ ಎರಡು ಕಥೆಗಳನ್ನು ಇಟ್ಟುಕೊಂಡು ಗಿರೀಶ ಕಾರ್ನಾಡರು 'ನಾಗಮಂಡಲ' ಬರೆದು ಅವರಿಗೇ ಅರ್ಪಿಸಿದರು. ಆಗ ಕಾರ್ನಾಡರೂ ಶಿಕಾಗೊ ವಿಶ್ವವಿದ್ಯಾಲಯದಲ್ಲೇ ಅತಿಥಿಯಾಗಿದ್ದರು. ಹೂವಿನ ಮರವಾಗುವ ಹುಡುಗಿಯ ಕಥೆಯಂತೂ ಜಾನ್ ಆಡಮ್ಸ್ ಎಂಬ ಅಮೆರಿಕದ ಸಂಗೀತಗಾರರ ಕೈಯಲ್ಲಿ ಒಪೆರಾ ಆಗಿ 2006ರಲ್ಲಿ ವಿಯೆನ್ನಾದಲ್ಲಿ ಮೊದಲ ಪ್ರದರ್ಶನ ಕಂಡಿತು. ಅಡುಗೆಮನೆಯಲ್ಲಿ ಮಕ್ಕಳಿಗೆ ಉಣ್ಣಿಸುತ್ತಾ ಹೇಳಿದ ಕಥೆ. ನಮ್ಮ ಮಹಡಿಯ ಪಂಡಿತರು ಅದನ್ನು ಸಾಹಿತ್ಯ ಅಂತ ಕರೆಯಲೂ ಹಿಂಜರಿದಿದ್ದರು.

ಇಷ್ಟೆಲ್ಲ ಹೇಳಿದ ಮೇಲೆ, ಶಿಕಾಗೊ ಕೊಡದೇ ಹೋದದ್ದನ್ನೂ ಹೇಳಬೇಕು. ಅನುವಾದಕ್ಕೆ, ಪ್ರಬಂಧಕ್ಕೆ, ಪಾಠಕ್ಕೆ ಅಲ್ಲಿ ಬೆಲೆ ಇತ್ತು. ಕನ್ನಡದಲ್ಲೇ ಬರೆದ ಪದ್ಯಕ್ಕೆ? 'ಹೊಕ್ಕುಳಲ್ಲಿ ಹೂವಿಲ್ಲ' ಬಂದದ್ದು 1969ರಲ್ಲಿ. 'ಮತ್ತು ಇತರ ಪದ್ಯಗಳು' 1977ರಲ್ಲಿ. 'ಮತ್ತೊಬ್ಬನ ಆತ್ಮಚರಿತ್ರೆ' ಎಂಬ ಪುಟ್ಟ ಕಾದಂಬರಿ 1978ರಲ್ಲಿ. 'ಕುಂಟೋಬಿಲ್ಲೆ' 1990ರಲ್ಲಿ. ಅವರ ವಿಭಾಗದಲ್ಲಿ ಇವನ್ನು ಓದಿ ಕನ್ನಡದಲ್ಲೇ ಚರ್ಚೆ ಮಾಡಬಲ್ಲವರು ಎಷ್ಟು ಜನ ಇದ್ದಾರು? ಓದುಗರು ಇದ್ದದ್ದು ಧಾರವಾಡ, ಮೈಸೂರು, ಬೆಂಗಳೂರಿನಲ್ಲಿ. ಈ ಒಂದು ಕೆಲಸಕ್ಕೆ ಅವರು ಊರಿನ ಕಡೆಗೇ ಮುಖ ಮಾಡಬೇಕಿತ್ತು. 1993ರ ಜುಲೈ 13ರಂದು, 64ನೇ ವಯಸ್ಸಿನಲ್ಲಿ, ಶಿಕಾಗೊದ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಮೈಗೆ ಒಗ್ಗದೆ ತೀರಿಕೊಂಡರು. 1999ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೂ ಇಂಗ್ಲಿಷ್ ಪದ್ಯಗಳಿಗೆ.

ಆ ಇಂಗ್ಲಿಷ್ ಪದ್ಯಗಳ ಬಗ್ಗೆ ಒಂದು ಮಾತು, ಯಾಕೆಂದರೆ ನಮ್ಮ ಕೂಟಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಪರದೇಶಕ್ಕೆ ಬಂದ ಕವಿ ಅಂದರೆ ಊರು ನೆನೆಸಿಕೊಂಡು ಅಳುತ್ತಾನೆ ಅಂದುಕೊಳ್ಳುತ್ತೇವೆ. ಇವರು ಹಾಗೆ ಅಳಲಿಲ್ಲ. ಅಪ್ಪ ಸತ್ತಾಗ ಬಿಟ್ಟುಹೋದದ್ದು ಧೂಳು ಮತ್ತು ಸಾಲ ಎಂದು ಶುರುವಾಗುವ ಪದ್ಯ ಇದೆ. ಮದುರೈನ ನದಿಯ ಬಗ್ಗೆ ಒಂದು ಪದ್ಯ ಇದೆ. ಅದರಲ್ಲಿ, ಪ್ರವಾಹವನ್ನು ಹಾಡಿ ಹೊಗಳಿದ ಹಳೆಯ ಕವಿಗಳೂ ಹೊಸ ಕವಿಗಳೂ, ಅದೇ ಪ್ರವಾಹದಲ್ಲಿ ಕೊಚ್ಚಿಹೋದ ಬಸುರಿಯ ಬಗ್ಗೆ ಒಂದು ಸಾಲೂ ಬರೆಯಲಿಲ್ಲ ಅನ್ನುತ್ತಾರೆ. ಊರನ್ನು ಪ್ರೀತಿಸುವುದಕ್ಕೂ ಊರನ್ನು ಹೊಗಳುವುದಕ್ಕೂ ಸಂಬಂಧ ಇಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ನಮಗೆ ರಾಜ್ಯೋತ್ಸವದ ದಿನ ಕಾವೇರಿ ಬೇಕು, ಶ್ರೀಗಂಧ ಬೇಕು, ಮೈಸೂರು ಪಾಕ್ ಬೇಕು. ಇರಲಿ, ನನಗೂ ಮೈಸೂರು ಪಾಕ್ ಬೇಕು.

ಹೊಗಳದೆ ಬರೆದರೆ ನಮ್ಮಲ್ಲಿ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದೇವೆ. ರಾಮಾಯಣದ ಬೇರೆಬೇರೆ ಪಾಠಗಳ ಬಗ್ಗೆ ಅವರು ಬರೆದ ಪ್ರಬಂಧ 1991ರಲ್ಲಿ ಅಚ್ಚಾಯಿತು. ವಾಲ್ಮೀಕಿ, ಕಂಬ, ಜೈನ ವಿಮಲಸೂರಿ, ಥಾಯ್ ರಾಮಾಯಣ, ಜೊತೆಗೆ ನಮ್ಮ ಕರ್ನಾಟಕದ ಜನಪದ ರಾಮಾಯಣ. ಅದರಲ್ಲಿ ರಾವಣನೇ ಬಸಿರಾಗಿ, ಅವನು ಸೀನಿದಾಗ ಸೀತೆ ಹುಟ್ಟುತ್ತಾಳೆ. ಕಥೆ ಹಾಡುವವರು ತಲೆಮಾರುಗಳಿಂದ ನಮ್ಮ ಹಳ್ಳಿಗಳಲ್ಲಿ ಹಾಡಿಕೊಂಡು ಬಂದದ್ದು, ಯಾರೂ ಬಡಿಗೆ ಹಿಡಿಯಲಿಲ್ಲ. ದೆಹಲಿ ವಿಶ್ವವಿದ್ಯಾಲಯದ ಇತಿಹಾಸದ ಪಠ್ಯದಲ್ಲಿ ಆ ಪ್ರಬಂಧ ಇದ್ದಾಗ 2008ರಲ್ಲಿ ಅದನ್ನು ವಿರೋಧಿಸುವವರು ವಿಭಾಗಕ್ಕೆ ನುಗ್ಗಿ ದಾಂಧಲೆ ಮಾಡಿದರು. 2011ರಲ್ಲಿ ವಿಶ್ವವಿದ್ಯಾಲಯವೇ ಅದನ್ನು ಪಠ್ಯದಿಂದ ತೆಗೆಯಿತು. ಕವಿ ತೀರಿಕೊಂಡು ಹದಿನೆಂಟು ವರ್ಷ ಆಗಿತ್ತು. ನಮ್ಮಲ್ಲಿ ಶಾಲು ಹೊದೆಸುವವರೂ ಇದ್ದಾರೆ, ಬಡಿಗೆ ಹಿಡಿಯುವವರೂ ಇದ್ದಾರೆ. ಕೂತು ಓದುವವರು ಕಡಿಮೆ.

ಈಗ ನಮ್ಮ, ಅಂದರೆ ಇಲ್ಲಿ ನೆಲೆ ನಿಂತ ಕನ್ನಡಿಗರ ವಿಷಯಕ್ಕೆ ಬರುತ್ತೇನೆ. ಹಾರ್ವರ್ಡ್‌ನಲ್ಲಿ ತಮಿಳು ಪೀಠ ಆಗಬೇಕು ಎಂದು ಅಮೆರಿಕದ ಇಬ್ಬರು ತಮಿಳು ಡಾಕ್ಟರುಗಳು ಹೊರಟರು. ಬೇಕಾದದ್ದು 60 ಲಕ್ಷ ಡಾಲರ್. ತಮಿಳುನಾಡು ಸರ್ಕಾರ 10 ಕೋಟಿ ರೂಪಾಯಿ ಕೊಟ್ಟಿತು. ಉಳಿದದ್ದನ್ನು ಜಗತ್ತಿನ ಮೂಲೆಮೂಲೆಯ ತಮಿಳರು ಹಾಕಿದರು. 2018ರಲ್ಲಿ ಹಣ ಪೂರ್ತಿಯಾಯಿತು. ಒಂದು ಸಲ ಪೀಠ ಆದರೆ ಆ ಮೂಲಧನದ ಬಡ್ಡಿಯಲ್ಲೇ ಪ್ರೊಫೆಸರರ ಸಂಬಳ ನಡೆಯುತ್ತದೆ. ಯಾವ ಸರ್ಕಾರ ಬಂದರೂ, ಹೋದರೂ, ಸ್ಪುಟ್ನಿಕ್ ಹಾರಿದರೂ, ಹಾರದಿದ್ದರೂ.

ಕನ್ನಡದವರು ಏನೂ ಮಾಡಿಲ್ಲ ಅನ್ನುವಂತಿಲ್ಲ. ದೆಹಲಿಯ ಜೆ.ಎನ್.ಯು.ನಲ್ಲಿ ಕರ್ನಾಟಕ ಸರ್ಕಾರದ ಹಣದಿಂದ ಕನ್ನಡ ಪೀಠ ಆಗಿದೆ. ಇನ್ಫೋಸಿಸ್ ನಾರಾಯಣ ಮೂರ್ತಿಯವರ ಮಗ ರೋಹನ್ ಮೂರ್ತಿಯವರು 2010ರಲ್ಲಿ 52 ಲಕ್ಷ ಡಾಲರ್ ಕೊಟ್ಟು ಹಾರ್ವರ್ಡ್‌ನಲ್ಲಿ ಭಾರತದ ಹಳೆಯ ಗ್ರಂಥಗಳ ಮಾಲೆ ಶುರು ಮಾಡಿಸಿದರು. ವನಮಾಲಾ ವಿಶ್ವನಾಥ ಅವರು ಮಾಡಿದ ರಾಘವಾಂಕನ ಹರಿಶ್ಚಂದ್ರ ಕಾವ್ಯದ ಅನುವಾದ ಅದರಲ್ಲೇ 2017ರಲ್ಲಿ ಬಂತು. ಆ ಮಾಲೆಗೆ ಮೊದಲು ಪ್ರಧಾನ ಸಂಪಾದಕರಾಗಿದ್ದವರು ಅಮೆರಿಕದ ಸಂಸ್ಕೃತ ವಿದ್ವಾಂಸ ಶೆಲ್ಡನ್ ಪೊಲಾಕ್. ರಾಮಾನುಜನ್ ಇದ್ದ ಶಿಕಾಗೊ ವಿಭಾಗದಲ್ಲೇ ಪಾಠ ಹೇಳಿದವರು. ಅವರು ಹಳಗನ್ನಡ ಕಲಿತದ್ದು ಎಲ್ಲಿ? ಮೈಸೂರಿನಲ್ಲಿ, ಟಿ.ವಿ. ವೆಂಕಟಾಚಲ ಶಾಸ್ತ್ರಿಗಳ ಮುಂದೆ ಕೂತು. ಅಂದರೆ ವಿದ್ಯೆ ನಮ್ಮಲ್ಲೇ ಇತ್ತು. ಅದನ್ನು ಹೊರಗಿನವರಿಗೂ ದಕ್ಕುವ ಹಾಗೆ ಮಾಡುವ ನೌಕರಿ ಮಾತ್ರ ಅಲ್ಲಿತ್ತು.

ನಮ್ಮ ಕಡೆಯ ಒಂದು ಕೂಟದ ಸಭೆಯಲ್ಲಿ ಈ ಮಾತು ತೆಗೆದಿದ್ದೆ. ದೊಡ್ಡ ಪೀಠ ಬೇಡ, ಒಬ್ಬ ಅರೆಕಾಲಿಕ ಕನ್ನಡ ಲೆಕ್ಚರರ್‌ಗೆ ಆಗುವಷ್ಟು ಹಣ ವರ್ಷಾ ಎತ್ತಿಡೋಣ, ಇಲ್ಲಿಯ ಯಾವುದಾದರೂ ವಿಶ್ವವಿದ್ಯಾಲಯದ ಜೊತೆ ಮಾತಾಡೋಣ ಎಂದೆ. ಬೆಂಗಳೂರಿಂದ ಬರುವ ಗಾಯಕರ ತಂಡದ ಟಿಕೆಟ್ಟು, ಹೋಟೆಲ್ಲು, ಸಂಭಾವನೆ ಸೇರಿಸಿದರೆ ಅದರ ಹತ್ತಿರ ಹತ್ತಿರ ಬರುತ್ತದೆ ಅಂತಲೂ ಲೆಕ್ಕ ತೋರಿಸಿದೆ. ನಮ್ಮ ಹಿರಿಯರೊಬ್ಬರು ನಯವಾಗಿಯೇ ಹೇಳಿದರು: "ಎಲ್ಲಾ ಸರಿ ಕಣಪ್ಪಾ, ಗಾಯಕರು ಬಂದರೆ ಎಂಟುನೂರು ಜನ ಸೇರ್ತಾರೆ. ನಿನ್ನ ಕನ್ನಡ ಕ್ಲಾಸಿಗೆ ಎಷ್ಟು ಜನ ಬರ್ತಾರೆ?"

ಐದಾರು ಜನ ಬರಬಹುದು ಎಂದೆ. ಎಲ್ಲರೂ ನಕ್ಕರು. ಕಮ್ಮಿಯೇ, ಒಪ್ಪುತ್ತೇನೆ. ಆದರೆ ಅರವತ್ತರ ದಶಕದ ಶಿಕಾಗೊದಲ್ಲಿ ತಮಿಳು ಕಲಿಯಲು ನೂರಾರು ಜನ ಸಾಲು ನಿಂತಿರಲಿಲ್ಲ. ಅಲ್ಲಿಯವರು ತಲೆ ಎಣಿಸಿ ಮೇಷ್ಟ್ರನ್ನು ಕರೆಯಲಿಲ್ಲ. ಮೇಷ್ಟ್ರನ್ನು ಕರೆದು, ಸಂಬಳ ಕೊಟ್ಟು, ಮೂವತ್ತು ವರ್ಷ ಕಾದರು. ನಾವು ಗಾಯಕರನ್ನೂ ಕರೆಸೋಣ, ನನ್ನ ತಕರಾರಿಲ್ಲ. ಒಂದು ವರ್ಷ ಬಿಟ್ಟು ಒಂದು ವರ್ಷ ಕರೆಸಿದರೆ ಸಾಕು, ನಡುವಿನ ವರ್ಷದ ಹಣ ಲೆಕ್ಚರರ್ ಖಾತೆಗೆ ಹೋಗಲಿ. ಅದನ್ನೇ ಬರಹದಲ್ಲಿ ಸಮಿತಿಗೆ ಕೊಟ್ಟಿದ್ದೇನೆ. ಯುಗಾದಿಯ ಸಭೆಯಲ್ಲಿ ಚರ್ಚೆಗೆ ಇಡುತ್ತಾರಂತೆ.